ಅಂಗಳದ ಬೆಂಕಿ: ಗ್ಯಾಸೋ, ಕಟ್ಟಿಗೆಯೋ?

ಬೆಂಕಿ ಕಾಯಿಸುವುದನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಬಚ್ಚಲೊಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ, ಎರಡರ ಮುಂದೆಯೂ ಕೈಯೊಡ್ಡಿ ಕೂತೇ ಬೆಳೆದವರು ನಾವು. ಆದರೆ ಕೂರುವುದಕ್ಕೆಂದೇ ಬೇರೆಯಾಗಿ ಒಂದು ಬೆಂಕಿ ಮಾಡಿಕೊಳ್ಳುವ ಅಭ್ಯಾಸ ಹೊಸದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಳೆ ಮನೆಯನ್ನು ಹೋಂಸ್ಟೇ ಮಾಡಿದವರಿಂದ ಶುರುವಾದದ್ದು ಈಗ ಶಿವಮೊಗ್ಗದ ಬಡಾವಣೆಗಳಿಗೂ ಬಂದಿದೆ. ಮನೆ ಹಿಂದೆ ನಾಲ್ಕು ಕುರ್ಚಿ ಹಾಕುವಷ್ಟು ಜಾಗ ಉಳಿದರೆ ಸಾಕು, ‘ಒಂದು ಫೈರ್ ಪಿಟ್ ಮಾಡಿಸೋಣ ಅಂತಿದೀವಿ, ಗ್ಯಾಸಿಂದು ಒಳ್ಳೇದಾ, ಕಟ್ಟಿಗೇದಾ?’ ಎಂಬ ಪ್ರಶ್ನೆ ಬರುತ್ತದೆ.

ಕೇಳಿದವರಿಗೆಲ್ಲ ನಾನು ತಿರುಗಿಸಿ ಕೇಳುವುದು ಒಂದನ್ನೇ: ‘ಸೌದೆ ಕೊಟ್ಟಿಗೆ ಇದೆಯಾ ಮಾರಾಯ್ರೆ?’ ಅಂಗಳದ ಅಳತೆ, ಕಲ್ಲಿನ ಬಣ್ಣ, ನೆಟ್ಟಿನಲ್ಲಿ ನೋಡಿದ ಫೋಟೋ ಎಲ್ಲ ಆಮೇಲಿನ ಮಾತು. ಬೇರೆ ಊರಿನವರು ಈ ಆಯ್ಕೆಯನ್ನು ಚೆಂದ, ಅನುಕೂಲ, ಖರ್ಚು ನೋಡಿ ಮಾಡಬಹುದು. ನಮ್ಮಲ್ಲಿ ಅದನ್ನು ತೀರ್ಮಾನಿಸುವುದು ಮಳೆಗಾಲ. ನಾಲ್ಕು ತಿಂಗಳ ಮಳೆಯಿಂದ ಕಟ್ಟಿಗೆಯನ್ನು ಕಾಪಾಡುವ ವ್ಯವಸ್ಥೆ ಇದ್ದವರಿಗೆ ಒಂದು ಉತ್ತರ, ಇಲ್ಲದವರಿಗೆ ಇನ್ನೊಂದು.

ಬಿಸಿಯ ಲೆಕ್ಕ

ಗ್ಯಾಸಿನ ಫೈರ್ ಪಿಟ್ ಮಾರುವವರು ಸಾಮಾನ್ಯವಾಗಿ 40,000 ಬಿಟಿಯು, 50,000 ಬಿಟಿಯು ಎಂದು ಹೇಳುತ್ತಾರೆ. ಅದು ಗಂಟೆಗೆ ಕೊಡುವ ಶಾಖ. 40,000 ಎಂದರೆ ಹತ್ತಿರಹತ್ತಿರ 12 ಕಿಲೋವಾಟ್, 2 ಕಿಲೋವಾಟಿನ ಆರು ಗೀಸರ್‌ಗಳನ್ನು ಒಟ್ಟಿಗೆ ಹಾಕಿದಷ್ಟು. ಒಂದು ಕೆಜಿ ಎಲ್‌ಪಿಜಿ ಉರಿದರೆ ಕರೆಂಟಿನ ಲೆಕ್ಕದಲ್ಲಿ ಹನ್ನೆರಡು ಹದಿಮೂರು ಯೂನಿಟ್ ಶಾಖ ಸಿಗುತ್ತದೆ. ಹಾಗಾಗಿ ಇಂಥ ಬರ್ನರನ್ನು ಪೂರ್ತಿ ತೆರೆದಿಟ್ಟರೆ ಗಂಟೆಗೆ ಒಂದು ಕೆಜಿಗೆ ಸ್ವಲ್ಪ ಕಡಿಮೆ ಗ್ಯಾಸ್ ಖರ್ಚಾಗುತ್ತದೆ. 19 ಕೆಜಿಯ ವಾಣಿಜ್ಯ ಸಿಲಿಂಡರ್ ಸುಮಾರು 20 ಗಂಟೆ ಬಂದೀತು. ಸಂಜೆಗೆ ಎರಡೂವರೆ ಗಂಟೆ ಕೂತರೆ ಏಳೆಂಟು ಸಂಜೆ. ಅಡುಗೆಮನೆಯಲ್ಲಿ ತಿಂಗಳುಗಟ್ಟಲೆ ಬರುವ ಸಿಲಿಂಡರ್ ನೋಡಿ ಅಂದಾಜು ಮಾಡುವವರಿಗೆ ಈ ಲೆಕ್ಕ ಕೇಳಿದ ಕೂಡಲೆ ಕುರ್ಚಿ ಸ್ವಲ್ಪ ಹಿಂದೆ ಸರಿಯುತ್ತದೆ. ಸಿಲಿಂಡರಿನ ದರ ಏರಿಳಿಯುತ್ತಲೇ ಇರುತ್ತದೆ. ಕೊಳ್ಳುವ ದಿನದ ದರವನ್ನು 20ರಿಂದ ಭಾಗಿಸಿ ನೋಡಿ, ಅದೇ ನಿಮ್ಮ ಒಂದು ಗಂಟೆಯ ಬೆಂಕಿಯ ಬೆಲೆ.

ಚೆನ್ನಾಗಿ ಒಣಗಿದ ಕಟ್ಟಿಗೆ ಕೆಜಿಗೆ ಸುಮಾರು 4 ಯೂನಿಟ್ ಕೊಡುತ್ತದೆ. ಒಂದು ಕೆಜಿ ಗ್ಯಾಸಿಗೆ ಮೂರು ಕೆಜಿ ಒಣ ಕಟ್ಟಿಗೆ ಸಮ ಎಂದು ಇಟ್ಟುಕೊಳ್ಳಿ. ಆದರೆ ಕಟ್ಟಿಗೆಗೆ ಗ್ಯಾಸಿನ ಹಾಗೆ ತಿರುಪು ಇಲ್ಲ. ಹೊತ್ತಿಸುವಾಗ ಸ್ವಲ್ಪ ವ್ಯರ್ಥ, ಎಲ್ಲರೂ ಎದ್ದು ಹೋದ ಮೇಲೆ ಉರಿಯುವ ಕೊಳ್ಳಿ ಸ್ವಲ್ಪ ವ್ಯರ್ಥ. ಅದೇ ಎರಡೂವರೆ ಗಂಟೆಗೆ ಹತ್ತು ಹನ್ನೆರಡು ಕೆಜಿ ಹಿಡಿಯಬೇಕು. ತೋಟ ಇದ್ದವರಿಗೆ ಇದೊಂದು ಖರ್ಚೇ ಅಲ್ಲ, ಪೇಟೆಯಲ್ಲಿ ಕಟ್ಟಿಗೆ ಕೊಳ್ಳುವವರಿಗೆ ಮಾತ್ರ ಲೆಕ್ಕ.

ಈ ಅಂಕಿಗಳಲ್ಲಿ ಸಿಗದ ವಿಷಯ ಒಂದಿದೆ. ಗ್ಯಾಸಿನ ಜ್ವಾಲೆಯ ಬಿಸಿಯಲ್ಲಿ ಹೆಚ್ಚಿನದು ಗಾಳಿಯ ಜೊತೆ ಮೇಲಕ್ಕೆ ಹೋಗುತ್ತದೆ. ಕೆಂಡ ಹಾಗಲ್ಲ, ಅದರ ಬಿಸಿ ಸುತ್ತಲೂ ಅಡ್ಡಡ್ಡ ಹರಡುತ್ತದೆ, ಕೂತವರ ಮೊಣಕಾಲಿಗೆ, ಅಂಗೈಗೆ ನೇರ ತಾಗುತ್ತದೆ. ಬರ್ನರಿನ ಮೇಲೆ ಲಾವಾ ಕಲ್ಲು ಹರಡುವುದು ಚೆಂದಕ್ಕೆ ಮಾತ್ರ ಅಂದುಕೊಳ್ಳಬೇಡಿ. ಕಲ್ಲು ಕಾದು ಕೆಂಡದ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುತ್ತದೆ. ಆದರೂ ಜನವರಿಯ ಚಳಿಯಲ್ಲಿ, ಇಬ್ಬನಿ ಇಳಿಯುವ ಹೊತ್ತಿನಲ್ಲಿ, ಒಂದೇ ಯೂನಿಟ್ ಲೆಕ್ಕದ ಎರಡು ಬೆಂಕಿಯ ಮುಂದೆ ಕೂತರೆ ಕಟ್ಟಿಗೆಯದೇ ಜಾಸ್ತಿ ಬಿಸಿ ಅನಿಸುತ್ತದೆ. ಆ ಕೆಂಡ ಬೀಳಲು ಅರ್ಧ ಗಂಟೆಯಾದರೂ ಬೇಕು. ಗ್ಯಾಸಿಗೆ ಒಂದು ನಿಮಿಷ ಸಾಕು. ದಿನಾ ರಾತ್ರಿ ಊಟಕ್ಕೆ ಮುಂಚೆ ಇಪ್ಪತ್ತೇ ನಿಮಿಷ ಕೂರುವವರು ಕಟ್ಟಿಗೆ ಹೊತ್ತಿಸಿದರೆ ಹೊಗೆ ಕುಡಿದು ಎದ್ದು ಬರುತ್ತಾರೆ. ಕೆಂಡ ಬೀಳುವುದು ಅವರು ಒಳಗೆ ಊಟಕ್ಕೆ ಕೂತ ಮೇಲೆ.

ಒಣ ಕಟ್ಟಿಗೆ ಎಲ್ಲಿಂದ?

ಕಟ್ಟಿಗೆಯ ಪರವಾಗಿ ಮಾತಾಡುವವರೆಲ್ಲ ‘ಒಣ ಕಟ್ಟಿಗೆ’ ಎಂದು ಎರಡೇ ಪದದಲ್ಲಿ ಮುಗಿಸಿಬಿಡುತ್ತಾರೆ. ಮಲೆನಾಡಿನಲ್ಲಿ ಆ ಎರಡು ಪದದ ಹಿಂದೆ ವರ್ಷದ ಕೆಲಸ ಇದೆ.

ಆಗತಾನೆ ಕಡಿದ ಮರದಲ್ಲಿ ಹೆಚ್ಚುಕಮ್ಮಿ ಅರ್ಧ ತೂಕ ನೀರೇ. ಹತ್ತು ಕೆಜಿ ಹಸಿ ಕಟ್ಟಿಗೆ ಹಾಕಿದರೆ ಐದು ಲೀಟರಿನಷ್ಟು ನೀರನ್ನು ಮೊದಲು ಆವಿ ಮಾಡಬೇಕು, ಲೀಟರಿಗೆ ಅರ್ಧ ಯೂನಿಟಿಗೂ ಮೀರಿ ಶಾಖ ಅದಕ್ಕೇ ಹೋಗುತ್ತದೆ. ಶಾಖ ಕಳೆದುಕೊಳ್ಳುವುದಕ್ಕಿಂತ ದೊಡ್ಡ ತೊಂದರೆ, ಬೆಂಕಿ ತಂಪಾಗಿ ಉರಿಯುತ್ತದೆ. ತಂಪು ಬೆಂಕಿಯಲ್ಲಿ ಮರದಿಂದ ಹೊರಟ ಅನಿಲ ಉರಿಯದೆ ಹೊಗೆಯಾಗಿ ಕಣ್ಣಿಗೆ ಬರುತ್ತದೆ. ತೇವ ಶೇಕಡ 20ರ ಒಳಗೆ ಇಳಿದ ಕಟ್ಟಿಗೆ ಮಾತ್ರ ಅಂಗಳದ ಬೆಂಕಿಗೆ ಲಾಯಕ್ಕು.

ನಮ್ಮ ಕಡೆಯ ತೊಡಕು ಇಲ್ಲಿದೆ. ಕಟ್ಟಿಗೆ ಒಣಗುವುದು ಫೆಬ್ರುವರಿಯಿಂದ ಮೇವರೆಗಿನ ಬಿಸಿಲಿಗೆ. ಬೆಂಕಿ ಬೇಕಾಗುವುದು ನವೆಂಬರಿನಿಂದ ಫೆಬ್ರುವರಿವರೆಗೆ. ನಡುವೆ ಮೃಗಶಿರದಿಂದ ಶುರುವಾಗಿ ಪೂರ್ತಿ ಮಳೆಗಾಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಷ್ಟು ಬೀಳದ ಊರುಗಳಲ್ಲೂ ಜುಲೈ ಆಗಸ್ಟಿನಲ್ಲಿ ಗಾಳಿಯೇ ಒದ್ದೆ. ಗಾಳಿಯ ತೇವಾಂಶ ಶೇಕಡ 90ರ ಆಸುಪಾಸು ವಾರಗಟ್ಟಲೆ ನಿಂತರೆ ಮಾಡಿನಡಿ ಒಂದು ಹನಿ ನೀರು ತಾಗದೆ ಕೂತ ಕಟ್ಟಿಗೆಯೂ ಶೇಕಡ 20ರವರೆಗೆ ತೇವ ಎಳೆದುಕೊಳ್ಳುತ್ತದೆ. ಬಚ್ಚಲೊಲೆಯ ಮೇಲೆ ಅಟ್ಟ ಕಟ್ಟಿ, ಹೊಗೆ ಮತ್ತು ಬಿಸಿ ತಾಗುವ ಜಾಗದಲ್ಲಿ ಪುರುಳೆ, ಸೀಳು ಕಟ್ಟಿಗೆ ಒಟ್ಟುತ್ತಿದ್ದ ಹಿರಿಯರು ಈ ಲೆಕ್ಕವನ್ನು ಶೇಕಡದಲ್ಲಿ ಹೇಳುತ್ತಿರಲಿಲ್ಲ, ಅಷ್ಟೇ.

ಆದ್ದರಿಂದ ಸೌದೆ ಕೊಟ್ಟಿಗೆ ಎಂದರೆ ಟಾರ್ಪಾಲಿನ್ ಹೊದಿಸಿದ ರಾಶಿ ಅಲ್ಲ. ಟಾರ್ಪಾಲಿನ್ ಅಡಿಯಲ್ಲಿ ಆವಿ ಸಿಕ್ಕಿಕೊಂಡು ಅಕ್ಟೋಬರ್ ಹೊತ್ತಿಗೆ ಕಟ್ಟಿಗೆಯ ಮೇಲೆ ಬೂಸಲು, ಅಣಬೆ, ಗೆದ್ದಲು ಮೂರೂ ಇರುತ್ತವೆ. ನೆಲದಿಂದ ಒಂದಡಿ ಎತ್ತರ, ಮೇಲೆ ಹೆಂಚು ಅಥವಾ ಶೀಟು, ಎರಡು ಕಡೆ ಗಾಳಿಯಾಡಲು ಬಿಟ್ಟು, ಮಳೆ ಹೊಡೆಯುವ ಪಡುವಣ ಬದಿಗೆ ಮಾತ್ರ ಮರೆ. ಬೇಸಗೆಯಲ್ಲೇ ಸೀಳಿ ಒಣಗಿಸಿ ಮೇ ಕೊನೆಯೊಳಗೆ ಒಳಗಿಟ್ಟರೆ ಮಳೆ ಕಳೆದ ಮೇಲೆ ನಾಲ್ಕು ದಿನ ಬಿಸಿಲು ತೋರಿಸಿ ಉರಿಸಬಹುದು. ಎರಡು ತುಂಡು ಒಂದಕ್ಕೊಂದು ಬಡಿದಾಗ ಠಣ್ ಎಂದರೆ ಒಣಗಿದೆ, ದಡ್ ಎಂದರೆ ಇಲ್ಲ. ತುದಿಯಲ್ಲಿ ಬಿರುಕು ಬಿಟ್ಟಿರಬೇಕು, ತೊಗಟೆ ಕೈಯಲ್ಲೇ ಕಳಚಬೇಕು.

ಯಾವ ಕಟ್ಟಿಗೆ ಎಂಬುದಕ್ಕೆ ನನ್ನ ಆಯ್ಕೆ ಹೇಳುತ್ತೇನೆ. ಅಕೇಶಿಯಾವನ್ನು ನಾವು ಎಷ್ಟೇ ಬೈದರೂ ಒಣಗಿದ ಮೇಲೆ ಅದರ ಕೆಂಡಕ್ಕೆ ಹೆಸರಿಡುವ ಹಾಗಿಲ್ಲ. ಕಾಫಿ ತೋಟದ ಕಡೆಯವರಿಗೆ ಹಳೇ ಕಾಫಿ ಗಿಡದ ಬೊಡ್ಡೆ ಸಿಗುತ್ತದೆ, ಗಟ್ಟಿ, ನಿಧಾನಕ್ಕೆ ಉರಿಯುತ್ತದೆ, ಅಂಗಳದ ಬೆಂಕಿಗೆ ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಸಿಲ್ವರ್ ಓಕ್ ಹಗುರ, ಬೇಗ ಹೊತ್ತಿ ಬೇಗ ಮುಗಿಯುತ್ತದೆ, ಶುರು ಮಾಡುವುದಕ್ಕೆ ಸರಿ. ತೆಂಗಿನ ಚಿಪ್ಪು ಎರಡು ಹಿಡಿ ಹಾಕಿದರೆ ಊದುಗೊಳವೆ ಬೇಡ. ನೀಲಗಿರಿ ಚಟಪಟ ಸಿಡಿಯುತ್ತದೆ, ಮಕ್ಕಳು ಕೂತಿರುವಾಗ ಬೇಡ. ಬಿದಿರಂತೂ ಗೆಣ್ಣಿನೊಳಗಿನ ಗಾಳಿ ಕಾದು ಪಟಾಕಿಯ ಹಾಗೆ ಒಡೆಯುತ್ತದೆ, ಹಾಕುವುದಾದರೆ ಸೀಳಿಯೇ ಹಾಕಬೇಕು. ಸೊನೆ ತಾಗಿದರೆ ಮೈಯೆಲ್ಲ ಗುಳ್ಳೆ ಏಳಿಸುವ ಹೊಲಗೇರಿನ ಜಾತಿಯ ಮರಗಳನ್ನು ಬೆಂಕಿಯ ಹತ್ತಿರವೂ ತರಬೇಡಿ. ಪೇಟೆಯಲ್ಲಿ ಕಾಣುವ ಇನ್ನೊಂದು ಅಭ್ಯಾಸ ಪ್ಲೈವುಡ್ ಚೂರು, ಬಣ್ಣ ಬಳಿದ ಹಳೆ ಕಿಟಕಿ ಚೌಕಟ್ಟು ಸುಡುವುದು. ಅಂಟು, ಬಣ್ಣ ಎರಡರ ಹೊಗೆಯೂ ವಿಷ.

ಕಾಡಿಗೆ ಹೋಗಿ ತರುತ್ತೇವೆ ಅನ್ನುವವರಿಗೆ ಎರಡು ಮಾತು. ಮೀಸಲು ಅರಣ್ಯದಿಂದ ಕಟ್ಟಿಗೆ ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಮಾತು. ಸ್ವಂತ ಜಮೀನಿನ ಮರ ಕಡಿಯುವುದಕ್ಕೂ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಯಾವ ಜಾತಿಗೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಒಂದು ಸಲ ಕೇಳಿಬಿಡುವುದು ಒಳ್ಳೆಯದು. ಎರಡನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣ್ಣೆಗಳಿಂದ ಹರಡುತ್ತದೆ, ಅದರ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ದರಗು, ಕಟ್ಟಿಗೆ ತರಲು ಕಾಡಿಗೆ ಹೋಗುವವರಿಗೇ ಇದರ ಅಪಾಯ ಹೆಚ್ಚು. ಅಂಗಳದ ಬೆಂಕಿಯ ಕಾಲವೂ ಹೆಚ್ಚುಕಮ್ಮಿ ಅದರೊಳಗೇ ಬರುತ್ತದೆ. ಮಂಗ ಸತ್ತ ಸುದ್ದಿ ಇರುವ ಊರಿನಲ್ಲಿ ಮೋಜಿನ ಬೆಂಕಿಗೆಂದು ಆಳನ್ನು ಕಾಡಿಗೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಹೋಗಲೇಬೇಕಾದವರು ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡು ಹೋಗಬೇಕು, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಬೇಕು.

ಗ್ಯಾಸಿನ ಸುಖ, ಗ್ಯಾಸಿನ ಗುಣ

ಇಷ್ಟೆಲ್ಲ ಓದಿ ‘ಹಾಗಾದ್ರೆ ಗ್ಯಾಸೇ ವಾಸಿ’ ಎಂದುಕೊಂಡವರು ಗ್ಯಾಸಿನ ಸ್ವಭಾವವನ್ನೂ ತಿಳಿದುಕೊಳ್ಳಬೇಕು. ನಮ್ಮ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು. ಸೋರಿದ ಗ್ಯಾಸ್ ಮೇಲೆ ಹಾರಿಹೋಗುವುದಿಲ್ಲ, ನೀರಿನಂತೆ ತಗ್ಗು ಹುಡುಕಿ ಹರಿದು ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡ 2ರಷ್ಟು ಸೇರಿದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಈಗ ನೋಡಿ, ನಮ್ಮ ಕಡೆ ಫೈರ್ ಪಿಟ್ ಅಂದ ಕೂಡಲೆ ಮೇಸ್ತ್ರಿ ಮಾಡುವ ಮೊದಲ ಕೆಲಸ ನೆಲದಲ್ಲಿ ಎರಡಡಿ ಗುಂಡಿ ತೋಡಿ ಸುತ್ತ ಮೆಟ್ಟಿಲು ಕಟ್ಟುವುದು. ಕಟ್ಟಿಗೆಗೆ ಅದು ನಡೆಯುತ್ತದೆ. ಅದೇ ಗುಂಡಿಯೊಳಗೆ ಗ್ಯಾಸ್ ಬರ್ನರ್ ಇಟ್ಟರೆ ಸೋರಿದ ಗ್ಯಾಸ್ ತುಂಬಿಕೊಳ್ಳಲು ನೀವೇ ತೊಟ್ಟಿ ಕಟ್ಟಿಕೊಟ್ಟ ಹಾಗೆ. ಗ್ಯಾಸಿನದಾದರೆ ಬರ್ನರ್ ನೆಲಮಟ್ಟಕ್ಕಿಂತ ಮೇಲಿರಬೇಕು, ಪೀಠದ ಬುಡದಲ್ಲಿ ಎರಡು ಕಡೆಯಾದರೂ ಗಾಳಿ ಆಡುವ ಕಿಂಡಿ ಇರಬೇಕು. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಬೆಂಕಿಯಿಂದ ದೂರ, ಬಚ್ಚಲ ಮೋರಿ, ಬಾವಿ, ನೆಲಮಾಳಿಗೆಯ ಬಾಯಿಯಿಂದಲೂ ದೂರ.

ಗಾಳಿಗೆ ಜ್ವಾಲೆ ಆರಿದರೆ ತಾನಾಗಿ ಗ್ಯಾಸ್ ನಿಲ್ಲಿಸುವ ವ್ಯವಸ್ಥೆ ಇಲ್ಲದ ಬರ್ನರನ್ನು ಹೊರಗಡೆಗೆ ಕೊಳ್ಳಲೇಬೇಡಿ. ಜ್ವಾಲೆಯ ಪಕ್ಕ ಒಂದು ಸಣ್ಣ ಕಡ್ಡಿ ಇರುತ್ತದೆ, ಥರ್ಮೋಕಪಲ್. ಅದು ತಣ್ಣಗಾದರೆ ಕವಾಟ ಮುಚ್ಚಿಕೊಳ್ಳುತ್ತದೆ. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಪೈಪಿಗೆ ತೂತು ಕೊರೆಸಿ ಬರ್ನರ್ ಮಾಡಿಸಿಕೊಳ್ಳುವವರನ್ನು ನೋಡಿದ್ದೇನೆ. ಹೊರಗಿನ ತೊಟ್ಟಿ, ಜಾಲರಿ, ಮುಚ್ಚಳ ಎಲ್ಲ ಅವರಲ್ಲೇ ಮಾಡಿಸಿ, ನಮ್ಮ ಹುಡುಗರ ಕೈ ಒಳ್ಳೆಯದೇ. ಬರ್ನರ್, ಕವಾಟ, ರೆಗ್ಯುಲೇಟರ್ ಮಾತ್ರ ತಯಾರಕರು ಹೇಳಿದ್ದೇ ಬೇಕು. ಅಡುಗೆಮನೆ ರೆಗ್ಯುಲೇಟರ್ ದೊಡ್ಡ ಬರ್ನರಿಗೆ ಆಗಿಬರುವುದಿಲ್ಲ, ಹೋಟೆಲ್ ಭಟ್ಟಿಯ ಹೈ ಪ್ರೆಶರ್ ರೆಗ್ಯುಲೇಟರ್ ಅಂಗಳದ ಬರ್ನರಿಗೆ ಅಪಾಯ. ತಂತಿ ಬಲೆ ಇರುವ ಸುರಕ್ಷಾ ರಬ್ಬರ್ ಕೊಳವೆಯನ್ನೂ ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಇಲಿ ಹೆಗ್ಗಣ ಓಡಾಡುವ ಹಿತ್ತಲಾದರೆ ಇನ್ನೂ ಬೇಗ. ಸೋರಿಕೆಯ ಅನುಮಾನ ಬಂದರೆ 1906ಕ್ಕೆ ಫೋನ್ ಮಾಡಬಹುದು.

ಸಿಲಿಂಡರಿನ ವಿಷಯದಲ್ಲಿ ಹೋಂಸ್ಟೇಯವರು ಕಿವಿ ಕೊಡಬೇಕು. 14.2 ಕೆಜಿಯ ಮನೆ ಸಿಲಿಂಡರ್ ಮನೆಯ ಅಡುಗೆಗೆ. ದುಡ್ಡು ತೆಗೆದುಕೊಂಡು ಅತಿಥಿಗಳನ್ನು ಕೂರಿಸುವ ಜಾಗದಲ್ಲಿ ಅದನ್ನು ಬಳಸಿದರೆ ಅಪರಾಧ, ಎಲ್‌ಪಿಜಿ ಸರಬರಾಜು ಮತ್ತು ವಿತರಣೆಯ 2000ದ ಆದೇಶದಲ್ಲಿ ಅದು ಬರುತ್ತದೆ. 19 ಕೆಜಿಯದೇ ತರಬೇಕು. 5 ಕೆಜಿಯ ಸಣ್ಣ ಸಿಲಿಂಡರ್ ಹೊತ್ತು ತರಲು ಸುಲಭ, ಆದರೆ ದೊಡ್ಡ ಬೆಂಕಿಗೆ ಅದರ ಕೈಲಾಗದು. ಕಾರಣ ಇಷ್ಟೇ: ಸಿಲಿಂಡರಿನೊಳಗಿನ ದ್ರವ ಆವಿಯಾಗಬೇಕಾದರೆ ಸುತ್ತಲಿಂದ ಶಾಖ ಎಳೆದುಕೊಳ್ಳುತ್ತದೆ. ಗಂಟೆಗೆ ಒಂದು ಕೆಜಿ ಎಳೆದರೆ ಸಣ್ಣ ಸಿಲಿಂಡರ್ ಬೇಗ ತಣ್ಣಗಾಗಿ ಬೆವರುತ್ತದೆ, ಒತ್ತಡ ಬೀಳುತ್ತದೆ, ಜ್ವಾಲೆ ಕುಗ್ಗುತ್ತದೆ. ಚಳಿ ಜಾಸ್ತಿ ಇದ್ದಷ್ಟೂ, ಗ್ಯಾಸ್ ತಳ ಮುಟ್ಟಿದಷ್ಟೂ ಇದು ಹೆಚ್ಚು. ಬೆಂಕಿ ಬೇಕಾದ ರಾತ್ರಿಯೇ ಗ್ಯಾಸ್ ಕೈಕೊಡುವುದಕ್ಕೆ ಇದೇ ಕಾರಣ, ಏಜೆನ್ಸಿಯವರು ಕಡಿಮೆ ತುಂಬಿಸಿದರು ಎಂದು ಬೈಯುವ ಮುಂಚೆ ಸಿಲಿಂಡರ್ ಮುಟ್ಟಿ ನೋಡಿ. ಅದರ ಮೇಲೆ ಬಿಸಿನೀರು ಸುರಿಯುವ ಬುದ್ಧಿವಂತಿಕೆಯಂತೂ ಖಂಡಿತ ಬೇಡ.

ಮಳೆಗಾಲ ಗ್ಯಾಸನ್ನೂ ಬಿಡುವುದಿಲ್ಲ. ಜೂನಿನಿಂದ ಬಳಸದೆ ಬಿಟ್ಟ ಬರ್ನರಿನ ಗಾಳಿ ಕೊಳವೆಯೊಳಗೆ ಜೇಡ ಬಲೆ ಕಟ್ಟುತ್ತದೆ, ಕಣಜ ಮಣ್ಣು ಮೆತ್ತುತ್ತದೆ. ನವೆಂಬರಿನಲ್ಲಿ ಹೊತ್ತಿಸಿದರೆ ಜ್ವಾಲೆ ಕೊಳವೆಯ ಹಿಂಬದಿಯಿಂದ ಬರುತ್ತದೆ. ಮಳೆಗಾಲಕ್ಕೆ ಮುಂಚೆ ಬರ್ನರ್ ಕಳಚಿ ಒಳಗಿಡುವುದು, ತೆಗೆದಾಗ ಬ್ರಷ್ ಹಾಕಿ ಕೊಳವೆ ಸ್ವಚ್ಛ ಮಾಡುವುದು, ಜೋಡಿಸಿದ ಮೇಲೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುವುದು, ಇಷ್ಟು ಪ್ರತಿ ವರ್ಷದ ಕೆಲಸ. ಮಾಮೂಲಿ ಕಬ್ಬಿಣದ್ದು ಎರಡು ಮಳೆಗೆ ತುಕ್ಕಾಗುತ್ತದೆ, 304 ದರ್ಜೆಯ ಸ್ಟೀಲ್ ಕೇಳಿ ತೆಗೆದುಕೊಳ್ಳಿ.

‘ಗೋಬರ್ ಗ್ಯಾಸ್ ಇದೆಯಲ್ಲ, ಪುಕ್ಕಟೆ, ಅದನ್ನೇ ಅಂಗಳಕ್ಕೆ ಎಳೆದರೆ?’ ಎಂದು ದನದ ಕೊಟ್ಟಿಗೆ ಇದ್ದವರು ಕೇಳುತ್ತಾರೆ. ಒಂದು ಘನ ಮೀಟರ್ ಗೋಬರ್ ಗ್ಯಾಸಿನಲ್ಲಿ ಸುಮಾರು ಆರು ಯೂನಿಟ್ ಶಾಖ. ಎರಡು ಘನ ಮೀಟರಿನ ಸ್ಥಾವರ ಇಡೀ ದಿನ ಕೊಡುವ ಗ್ಯಾಸನ್ನು 12 ಕಿಲೋವಾಟಿನ ಬೆಂಕಿ ಒಂದೇ ಗಂಟೆಯಲ್ಲಿ ಮುಗಿಸುತ್ತದೆ. ಮರುದಿನ ಬೆಳಿಗ್ಗೆ ಕಾಫಿಗೆ ನೀರು ಕಾಯಿಸಲು ಗ್ಯಾಸ್ ಇಲ್ಲ ಎಂದಾಗ ಮನೆಯಾಕೆ ಏನು ಹೇಳುತ್ತಾರೋ ಅದನ್ನು ನೀವೇ ಕೇಳಿಸಿಕೊಳ್ಳಿ.

ಹೊಗೆ

ಹಳ್ಳಿಯ ಮನೆಯಲ್ಲಿ ಹೊಗೆ ಅಷ್ಟು ದೊಡ್ಡ ವಿಷಯ ಆಗುವುದಿಲ್ಲ, ಸೊಳ್ಳೆಗೆ ಒಳ್ಳೆಯದು ಎಂದು ಅಡಿಕೆ ಸಿಪ್ಪೆ ಬೇರೆ ಹಾಕುತ್ತೇವೆ. ಪೇಟೆಯಲ್ಲಿ ಹಾಗಲ್ಲ. ಶಿವಮೊಗ್ಗದ ಗೋಪಾಳದಲ್ಲಿ ಮನೆ ಮಾಡಿರುವ ಭಾವ ಒಬ್ಬರಿಗೆ ಕಟ್ಟಿಗೆ ಬೆಂಕಿಯ ಆಸೆ. ‘ಭಾವ, ನಿಮ್ಮ ಪಕ್ಕದ್ಮನೆಯವರು ಬಟ್ಟೆ ಎಲ್ಲಿ ಒಣಗಿಸ್ತಾರೆ?’ ಎಂದು ಕೇಳಿದೆ. ‘ನಮ್ಮ ಕಾಂಪೌಂಡ್ ಪಕ್ಕದಲ್ಲೇ’ ಅಂದರು. ಮಾತು ಅಲ್ಲಿಗೇ ಮುಗಿಯಿತು. ಮೂವತ್ತು ನಲವತ್ತರ ಸೈಟಿನಲ್ಲಿ ಹೊಗೆ ಹೋಗಲು ಬೇರೆಯವರ ಕಿಟಕಿ ಬಿಟ್ಟರೆ ಜಾಗ ಇಲ್ಲ. ಕಟ್ಟಿಗೆಯ ಹೊಗೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಕಣಗಳಿರುತ್ತವೆ, ಕಾರ್ಬನ್ ಮೋನಾಕ್ಸೈಡ್ ಇರುತ್ತದೆ. ಅಸ್ತಮಾ ಇರುವವರು, ಹಸುಗೂಸು, ವಯಸ್ಸಾದವರು ಪಕ್ಕದ ಮನೆಯಲ್ಲಿ ಇದ್ದರೂ ನಿಮ್ಮ ಮನೆಯಲ್ಲಿ ಇದ್ದ ಹಾಗೇ ಲೆಕ್ಕ.

ಈಗ ‘ಹೊಗೆಯಿಲ್ಲದ’ ಎಂದು ಮಾರುವ ಎರಡು ಗೋಡೆಯ ಸ್ಟೀಲ್ ಪಿಟ್‌ಗಳು ಬಂದಿವೆ. ಒಳಗೋಡೆ ಹೊರಗೋಡೆಯ ನಡುವೆ ಗಾಳಿ ಕಾದು ಮೇಲೇರಿ, ಅಂಚಿನ ತೂತುಗಳಿಂದ ಹೊರಬಂದು, ಉಳಿದ ಹೊಗೆಯನ್ನು ಅಲ್ಲೇ ಉರಿಸುತ್ತದೆ. ಕೆಲಸ ಮಾಡುತ್ತದೆ, ಕಟ್ಟಿಗೆ ಒಣಗಿದ್ದು ಬೆಂಕಿ ಪೂರ್ತಿ ಹತ್ತಿಕೊಂಡ ಮೇಲೆ. ಮೊದಲ ಹತ್ತು ನಿಮಿಷ ಅದೂ ಹೊಗೆ ಬಿಡುತ್ತದೆ, ಹಸಿ ಕಟ್ಟಿಗೆಗೆ ಕೊನೆಯವರೆಗೂ ಬಿಡುತ್ತದೆ. ಬಿಸಿ ಹೆಚ್ಚಾಗಿ ಮೇಲಕ್ಕೆ ಹೋಗುವುದರಿಂದ ಕಾಲು ತಣ್ಣಗೇ ಉಳಿಯುತ್ತದೆ ಎಂಬ ದೂರೂ ಸರಿಯೇ. ಬೆಂಕಿಗೆ ಗಾಳಿಯ ದಾರಿ ಸರಿ ಮಾಡಿಕೊಟ್ಟರೆ ಹೊಗೆ ಕಡಿಮೆ ಎಂಬುದು ನಮಗೆ ಹೊಸತೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ರಾಜ್ಯದ ಎಷ್ಟೋ ಅಡುಗೆಮನೆಗಳ ಹೊಗೆ ಇಳಿಸಿದೆ. ಅದಕ್ಕೆ ಚಿಮಣಿ ಇತ್ತು, ಅಂಗಳದ ಬೆಂಕಿಗೆ ಇಲ್ಲ.

ಗ್ಯಾಸಿನ ಬೆಂಕಿ ಹೊಗೆ ಬಿಡುವುದಿಲ್ಲವಾದರೂ ಗಾಜು ಹಾಕಿ ಮುಚ್ಚಿದ ವರಾಂಡದೊಳಗೆ ಇಡಬಹುದು ಎಂದು ಅರ್ಥವಲ್ಲ. ಹಳದಿ ಜ್ವಾಲೆ ಚೆಂದ ಕಾಣಲೆಂದೇ ಈ ಬರ್ನರುಗಳು ಗಾಳಿ ಕಡಿಮೆ ಬೆರೆಸಿ ಉರಿಸುತ್ತವೆ. ಮುಚ್ಚಿದ ಜಾಗದಲ್ಲಿ ಅದೂ ಉಸಿರಿಗೆ ಅಪಾಯವೇ.

ಜಾಗ ಮತ್ತು ಕಲ್ಲು

ಎರಡಕ್ಕೂ ನಿಯಮ ಒಂದೇ: ಮನೆಯ ಮಾಡು, ಮರದ ಕೊಂಬೆ, ಸೋಗೆ ಹೊದಿಸಿದ ಚಪ್ಪರ ಇವುಗಳಿಂದ ಮೂರು ಮೀಟರ್ ದೂರ, ಮೇಲೆ ತೆರೆದ ಆಕಾಶ. ಕಟ್ಟಿಗೆಗಾದರೆ ಹುಲ್ಲಿನ ಬಣವೆ, ಅಡಿಕೆ ಒಣಗಿಸುವ ಅಟ್ಟ, ದರಗಿನ ರಾಶಿಯಿಂದ ಇನ್ನೂ ಎಷ್ಟೋ ದೂರ, ಗಾಳಿ ಬೀಸುವ ದಿಕ್ಕಿಗೆ ಅವು ಇರಲೇಬಾರದು. ಕಾಡಂಚಿನ ಮನೆಗಳಲ್ಲಿ ಫೆಬ್ರುವರಿ ಕಳೆದ ಮೇಲೆ ಕಟ್ಟಿಗೆ ಬೆಂಕಿಯೇ ಬೇಡ ಎನ್ನುವವನು ನಾನು. ಅರಣ್ಯ ಇಲಾಖೆಯವರು ಬೆಂಕಿ ರೇಖೆ ಮಾಡಿ ಕಾಯುತ್ತಿರುವಾಗ ನಮ್ಮ ಅಂಗಳದ ಒಂದು ಕಿಡಿ ಶೆಟ್ಟಿಹಳ್ಳಿ ಅಭಯಾರಣ್ಯದ ಕಡೆಗೋ ಕುದುರೆಮುಖದ ಹುಲ್ಲುಗಾವಲಿನ ಕಡೆಗೋ ಹಾರುವುದು ಬೇಡ. ಅಷ್ಟಕ್ಕೂ ಆಗ ಚಳಿ ಎಲ್ಲಿದೆ?

ಕಲ್ಲಿನ ವಿಷಯದಲ್ಲಿ ಮಾತ್ರ ನಮ್ಮ ಕಡೆ ಎಲ್ಲರೂ ಎಡವುತ್ತಾರೆ. ತುಂಗೆಯ ದಡದ ನುಣುಪು ಉರುಟು ಕಲ್ಲು ನೋಡಲು ಚೆಂದ, ಬೆಂಕಿಯ ಸುತ್ತ ಜೋಡಿಸಿದರೆ ಇನ್ನೂ ಚೆಂದ. ವರ್ಷಗಟ್ಟಲೆ ನೀರಲ್ಲಿದ್ದ ಕಲ್ಲಿನ ಸಂದಿನಲ್ಲಿ ನೀರು ಸೇರಿರುತ್ತದೆ, ಕಾದಾಗ ಅದು ಆವಿಯಾಗಿ ಕಲ್ಲು ಸಿಡಿಯುತ್ತದೆ. ಚೂರು ಮುಖಕ್ಕೆ ಹಾರುತ್ತದೆ. ಜಂಬಿಟ್ಟಿಗೆಯೂ ತೂತು ತೂತು ಕಲ್ಲು, ಮಳೆಗಾಲದಲ್ಲಿ ನೀರು ಹೀರಿ ಕೂತಿರುತ್ತದೆ. ಹೊರಗಿನ ಕಟ್ಟೆಗೆ ಜಂಬಿಟ್ಟಿಗೆ ಹಾಕಿ, ಊರಿನ ಬಣ್ಣ ಬರುತ್ತದೆ, ಒಳಗಿನ ಸುತ್ತಿಗೆ ಬೆಂಕಿ ತಾಳುವ ಇಟ್ಟಿಗೆ ಇರಲಿ. ತಳದಲ್ಲಿ ಜಲ್ಲಿ ತುಂಬಿ ನೀರು ಇಂಗಿ ಹೋಗುವ ದಾರಿ ಮಾಡದಿದ್ದರೆ ಜುಲೈನಲ್ಲಿ ಅದು ಕಪ್ಪೆಯ ಕೊಳ. ಕಟ್ಟುವ ಗೊಡವೆಯೇ ಬೇಡ ಎನ್ನುವವರಿಗೆ ಟ್ರ್ಯಾಕ್ಟರ್ ನೇಗಿಲಿನ ಹಳೆ ಡಿಸ್ಕು, ಲಾರಿಯ ರಿಮ್ಮು ಕಾಲು ಹಚ್ಚಿಸಿಕೊಂಡರೆ ಸಾಕು, ಮಳೆ ಬಂದರೆ ಎತ್ತಿ ಒಳಗಿಡಬಹುದು. ತಗಡಿನ ಹೊಸ ಟಬ್ಬು, ಬಕೆಟ್ಟು ಬೇಡ. ಅದರ ಮೇಲಿನ ಸತುವಿನ ಲೇಪ ಕಾದರೆ ಕೆಟ್ಟ ಹೊಗೆ ಬಿಡುತ್ತದೆ.

ಯಾರಿಗೆ ಯಾವುದು?

ತೋಟ, ಬಚ್ಚಲೊಲೆ, ಸೌದೆ ಕೊಟ್ಟಿಗೆ ಮೂರೂ ಇರುವ ಮನೆಗೆ ಕಟ್ಟಿಗೆಯದೇ ಸರಿ, ಅದೂ ಎತ್ತಿಡುವ ಕಬ್ಬಿಣದ ಬಾಣಲೆಯಂಥದು. ಕಟ್ಟಿಗೆ ಹೇಗೂ ವರ್ಷಾವರ್ಷ ಕೂಡಿಡುತ್ತೀರಿ, ಇನ್ನೊಂದು ಗಾಡಿ ಜಾಸ್ತಿ ಕೂಡಿಟ್ಟರಾಯಿತು. ಇಂಥವರು ಗ್ಯಾಸಿನದಕ್ಕೆ ದುಡ್ಡು ಹಾಕುವುದು ನನಗೆ ಅರ್ಥವಾಗದ ಶೋಕಿ.

ಶಿವಮೊಗ್ಗ, ಭದ್ರಾವತಿಯ ಬಡಾವಣೆಯವರಿಗೆ ಗ್ಯಾಸು, ಅದೂ ಚಿಕ್ಕದು. ನಾಲ್ಕು ಜನ ಕೂರುವ ಮೇಜಿನ ನಡುವೆ ಇಡುವ ಮೂರು ನಾಲ್ಕು ಕಿಲೋವಾಟಿನದು ಗಂಟೆಗೆ 300 ಗ್ರಾಂ ಆಸುಪಾಸು ಕುಡಿಯುತ್ತದೆ, ಅದಕ್ಕೆ 5 ಕೆಜಿ ಸಿಲಿಂಡರ್ ಸಾಕಾಗುತ್ತದೆ. ಶಿವಮೊಗ್ಗದ ಚಳಿಗೆ ಇದಕ್ಕಿಂತ ದೊಡ್ಡದು ಬೇಕಾಗುವ ರಾತ್ರಿ ವರ್ಷದಲ್ಲಿ ಕೆಲವೇ.

ಬೆಂಗಳೂರಿನಲ್ಲಿದ್ದು ತಿಂಗಳಿಗೊಮ್ಮೆ ಊರ ಮನೆಗೆ ಬರುವವರದು ಬೇರೆ ಕಥೆ. ಕಟ್ಟಿಗೆಯನ್ನು ಒಣಗಿಸಿ ಕಾಯುವವರು ಇಲ್ಲ, ಬಂದ ರಾತ್ರಿ ಒದ್ದೆ ಕಟ್ಟಿಗೆಗೆ ಡೀಸೆಲ್ ಸುರಿದು ಹೊತ್ತಿಸುವ ಸಾಹಸ ಮಾಡುತ್ತಾರೆ. ಗ್ಯಾಸ್ ಅವರಿಗೆ ಸುರಕ್ಷಿತವಾಗಬೇಕಿತ್ತು, ಆದರೆ ತಿಂಗಳುಗಟ್ಟಲೆ ಯಾರೂ ನೋಡದ ಕೊಳವೆ, ಜೇಡ, ಇಲಿ ಎಲ್ಲ ಅಲ್ಲಿವೆ. ಹೋಗುವಾಗ ಸಿಲಿಂಡರಿನಿಂದ ರೆಗ್ಯುಲೇಟರ್ ತೆಗೆದಿಟ್ಟು, ಬಂದಾಗ ನೊರೆ ಹಚ್ಚಿ ನೋಡುವ ತಾಳ್ಮೆ ಇದ್ದರೆ ಗ್ಯಾಸ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಪಕ್ಕದ ಮನೆಯವರಿಗೆ ಹೇಳಿ ಎರಡು ಮೂಟೆ ಒಣ ಕಟ್ಟಿಗೆ ಜಗುಲಿಯ ಮೂಲೆಯಲ್ಲಿ ಇರಿಸಿಕೊಳ್ಳಿ, ಅದೇ ಸಾಕು.

ಹೋಂಸ್ಟೇಯವರನ್ನು ಎರಡೂ ಇಟ್ಟುಕೊಳ್ಳಿ ಎಂದು ನಾನು ಹೇಳುವುದಿಲ್ಲ, ಎರಡೂ ಇಟ್ಟುಕೊಂಡವರು ಎರಡನ್ನೂ ಸರಿಯಾಗಿ ನೋಡಿಕೊಳ್ಳುವುದು ಅಪರೂಪ. ಅತಿಥಿಗಳು ಬರುವುದು ಕಟ್ಟಿಗೆ ಬೆಂಕಿಗೇ, ಗ್ಯಾಸಿನ ಮುಂದೆ ಕೂತು ಫೋಟೋ ತೆಗೆದು ಒಳಗೆ ಹೋಗುತ್ತಾರೆ. ಕಟ್ಟಿಗೆ ಇಡಿ, ಜೊತೆಗೆ ಬೆಂಕಿ ಆರುವವರೆಗೆ ಅಲ್ಲೇ ಇರುವ ಒಬ್ಬ ಮನುಷ್ಯನನ್ನೂ ಇಡಿ. ಹನ್ನೊಂದು ಗಂಟೆಗೆ ಆರಿಸುತ್ತೇವೆ ಎಂದು ಮೊದಲೇ ಹೇಳಿ. ಅತಿಥಿಗಳ ಕೈಗೆ ಕೊಳ್ಳಿ ಕೊಡಬೇಡಿ, ಪ್ಲಾಸ್ಟಿಕ್ ಲೋಟ ಬೆಂಕಿಗೆ ಹಾಕುವವರಿಗೆ ‘ಹಾಕಬೇಡಿ’ ಎನ್ನಲು ಸಂಕೋಚ ಬೇಡ. ಆ ಮನುಷ್ಯನನ್ನು ಇಡಲು ಆಗುವುದಿಲ್ಲ ಎಂದಾದರೆ ಆಗ ಗ್ಯಾಸು, 19 ಕೆಜಿಯ ಸಿಲಿಂಡರ್ ಸಮೇತ.

ಕಟ್ಟಿಗೆ ಬೆಂಕಿಯನ್ನು ಆಯ್ದುಕೊಂಡವರಿಗೆ ಉಳಿದ ಒಂದು ಕೆಲಸ ಬೂದಿಯದು. ಮೇಲೆ ತಣ್ಣಗೆ ಕಂಡರೂ ಬೂದಿಯೊಳಗಿನ ಕೆಂಡ ಮರುದಿನವೂ ಜೀವಂತ ಇರುತ್ತದೆ. ನೀರು ಚಿಮುಕಿಸಿ ಕೋಲಿನಲ್ಲಿ ಕೆದಕಿ, ಮತ್ತೆ ನೀರು ಹಾಕಿ, ಬರಿಗೈ ಇಡುವಷ್ಟು ತಣ್ಣಗಾದ ಮೇಲೆ ಮುಚ್ಚಳವಿರುವ ತಗಡಿನ ಡಬ್ಬಿಗೆ ತುಂಬಿ. ಗೋಣಿಚೀಲಕ್ಕೆ, ಪ್ಲಾಸ್ಟಿಕ್ ಬುಟ್ಟಿಗೆ ಬೇಡ. ಬೂದಿಯಲ್ಲಿ ಸುಣ್ಣದ ಅಂಶವೂ ಪೊಟ್ಯಾಷ್ ಅಂಶವೂ ಇರುವುದರಿಂದ ನಮ್ಮ ಹುಳಿ ಮಣ್ಣಿನ ತೋಟಕ್ಕೆ, ಬಾಳೆ ತೆಂಗಿನ ಬುಡಕ್ಕೆ ತೆಳ್ಳಗೆ ಹರಡಬಹುದು. ಯೂರಿಯಾ ಹಾಕಿದ ದಿನವೇ ಹಾಕಬೇಡಿ, ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.